ಆಳು ನಾನು, ದಿನ ಅವನದು

ಎಲ್ಲವನ್ನೂ ಬಲ್ಲ ದೇವರೇ ಭಕ್ತ ಬಾಯಿಬಿಟ್ಟು ಹೇಳಿಕೊಳ್ಳುವವರೆಗೂ ಕಾಯುತ್ತಾನೆ. ಊರ ಮುಂದಿನ ಮುನೇಶ್ವರನ ಗುಡಿಯಲ್ಲಿ ಹೂವು ಕೇಳುವುದೂ ಹಾಗೆಯೇ. ಪೂಜಾರಿ "ಏನು ಬಂದೆಯಪ್ಪ, ಹೇಳ್ಕೊ" ಅನ್ನಬೇಕು, ಬಂದವನು ತನ್ನ ಕಷ್ಟವನ್ನೋ ತಪ್ಪನ್ನೋ ಹೇಳಿಕೊಳ್ಳಬೇಕು, ಆಮೇಲೆ ದೇವರ ಬಲಗಡೆಯಿಂದಲೋ ಎಡಗಡೆಯಿಂದಲೋ ಹೂವು ಬೀಳಬೇಕು. ಹೇಳಿಕೊಳ್ಳುವ ಮೊದಲೇ ಗಾಳಿಗೆ ಬಿದ್ದ ಹೂವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐವತ್ತೆರಡು ವರ್ಷ ಆ ಗುಡಿಯ ಗಂಟೆ ಕೇಳಿಕೊಂಡು ಬಾಳಿದ ಮುನಿರಾಮಯ್ಯನಿಗೆ ನ್ಯಾಯವೆಂದರೆ ಅಷ್ಟೇ ಗೊತ್ತಿತ್ತು.

ಹಾಗಾಗಿ ಆ ಬುಧವಾರ ಬೆಳಿಗ್ಗೆ, ಬಾಶೆಟ್ಟಿಹಳ್ಳಿಯ ರಟ್ಟಿನ ಬಾಕ್ಸ್ ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಒಂದು ಕವರು ಕೈಗಿಟ್ಟು, "ಇವತ್ತಿಂದ ನಿಮ್ಮನ್ನ ಒಳಗೆ ಬಿಡಬ್ಯಾಡ ಅಂದವ್ರೆ ಅಣ್ಣ" ಎಂದಾಗ ಅವನಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

"ಯಾರೂ ನನ್ನ ಏನೂ ಕೇಳೇ ಇಲ್ವಲ್ಲಪ್ಪ?" ಎಂದ.

"ನಂಗೇನ್ ಗೊತ್ತಣ್ಣ. ಕವರು ಕೊಡು ಅಂದ್ರು, ಕೊಟ್ಟೆ."

ಕಾಗದ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅವನಿಗೆ ಗುರುತು ಸಿಕ್ಕಿದ್ದು ತನ್ನ ಹೆಸರು ಮಾತ್ರ. ಹದಿನೆಂಟು ವರ್ಷ ದಾಟಿದ ಗೇಟನ್ನು ಅವತ್ತು ದಾಟದೆ, ಮುನಿರಾಮಯ್ಯ ಬಂದ ಬಸ್ಸಿನಲ್ಲೇ ಊರಿಗೆ ಹಿಂದಿರುಗಿದ.

ಸೊಣ್ಣಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಬಂದದ್ದನ್ನು ಕಂಡು, "ಏನು, ಇಷ್ಟು ಬ್ಯಾಗ? ಅಲ್ಲಿ ಕರೆಂಟಿಲ್ವಾ?" ಎಂದಳು.

"ಕರೆಂಟೈತೆ. ಅಲ್ಲಿ ನಾನೇ ಇಲ್ಲ ಈಗ" ಎಂದು ಮುನಿರಾಮಯ್ಯ ಅವಳ ಪಕ್ಕ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡ. ಮೂರು ಕಾಯಿ ಸುಲಿಯುವಷ್ಟರಲ್ಲಿ ವಿಷಯ ಹೇಳಿ ಮುಗಿಸಿದ. ಸೊಣ್ಣಮ್ಮನ ಕೈ ನಿಂತಿತು. "ನಡಿ, ಗೋವಿಂದರಾಜಣ್ಣನ ತಾವ" ಎಂದಳು. ಮೊರ ಅಲ್ಲೇ ಉಳಿಯಿತು.

ಗೋವಿಂದರಾಜು ದೊಡ್ಡಬಳ್ಳಾಪುರದ ನೂಲಿನ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು, ಯೂನಿಯನ್ನಿನಲ್ಲಿ ಓಡಾಡಿ, ಈಗ ಮನೆಯಲ್ಲಿದ್ದವನು. ಶನಿವಾರದ ಭಜನೆಯಲ್ಲಿ ಮುನಿರಾಮಯ್ಯ ತತ್ವಪದ ಹೇಳಿದರೆ ತಾಳ ಹಾಕುವವನು ಅವನೇ, ಪ್ರತಿ ಶನಿವಾರ ತಾಳ ತಪ್ಪಿದ್ದು ಯಾರಿಂದ ಎಂದು ಜಗಳ ತೆಗೆಯುವವನೂ ಅವನೇ. ದಾರ ಕಟ್ಟಿದ ಕನ್ನಡಕ ಏರಿಸಿ ಕಾಗದವನ್ನು ಎರಡು ಸಲ ಓದಿದ.

"ಮಿಷನ್ ಪುಸ್ತಕದಲ್ಲಿ ಸುಳ್ಳು ಬರೆದು ಕಂಪನಿಗೆ ಮೋಸ ಮಾಡಿದೀಯಂತೆ. ಅದಕ್ಕೆ ಈ ಕ್ಷಣದಿಂದ ಕೆಲಸದಿಂದ ವಜಾ ಅಂತೆ."

"ಮೋಸಾನಾ?"

"ಪದ ಹೇಳುವಾಗ ತಾಳ ತಪ್ಪಿಸ್ತೀಯಲ್ಲ, ಅದು ಮೋಸ. ಅದು ಬಿಟ್ಟು ಇನ್ನೇನು ಮಾಡಿದೀಯ, ಹೇಳು."

ಆಗ ಮುನಿರಾಮಯ್ಯ ಎರಡು ತಿಂಗಳ ಹಿಂದಿನ ಒಂದು ಮಂಗಳವಾರದ ಮಾತು ಹೇಳಿದ.

ಅವತ್ತು ಅವನದು ಬೆಳಗಿನ ಶಿಫ್ಟು. ಅದೇ ಪಂಚಿಂಗ್ ಮಿಷನ್ನಿನಲ್ಲಿ ಮಧ್ಯಾಹ್ನದ ಶಿಫ್ಟು ಕೆಂಪರಾಜನದು. ಇಬ್ಬರದೂ ಒಂದೇ ಊರು. ಕೆಂಪರಾಜನ ಮನೆಯವರು ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ ಇರುವವರು. ಎರಡು ಗಂಟೆಗೆ ಕಾಲು ಗಂಟೆ ಇದೆ ಎನ್ನುವಾಗ ಕೆಂಪರಾಜ ಗೇಟಿನ ಹೊರಗೆ ಬೈಕು ನಿಲ್ಲಿಸಿ, ಹೆಲ್ಮೆಟ್ಟೂ ತೆಗೆಯದೆ ಮುನಿರಾಮಯ್ಯನನ್ನು ಹೊರಗೆ ಕರೆಸಿ, "ಅಣ್ಣ, ಹುಳು ಹಣ್ಣಾಗ್ಬಿಟ್ಟವೆ! ಮನೇಲಿ ಅಮ್ಮ ಒಬ್ಬಳೇ" ಎಂದ. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ನಿಲ್ಲುತ್ತದೆ. ಆಗಿಂದಾಗಲೇ ಆರಿಸಿ, ಗೂಡು ಕಟ್ಟುವ ಚಂದ್ರಿಕೆಯ ತಟ್ಟೆಗೆ ಬಿಡದಿದ್ದರೆ ಸಿಕ್ಕಿದಲ್ಲಿ ನೂಲು ಬಿಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ. ರಜೆಯ ಅರ್ಜಿಗೆ ಸಾಹೇಬರ ಸಹಿ ಬೀಳುವವರೆಗೆ ಕಾಯುವ ವ್ಯವಧಾನ ಹುಳುವಿಗೆ ಎಲ್ಲಿಯದು?

"ನೀನು ಹೋಗು, ನಿನ್ನ ದಿನ ನಾನು ಮಾಡ್ತೀನಿ" ಎಂದಿದ್ದ ಮುನಿರಾಮಯ್ಯ.

ಇದಕ್ಕೆ ಊರಿನಲ್ಲಿ ಮುಯ್ಯಾಳು ಎನ್ನುತ್ತಾರೆ. ನನ್ನ ಹೊಲದ ಕಳೆಗೆ ನೀನು ಒಂದು ದಿನ ಬಾ, ನಿನ್ನ ಹೊಲದ ಕೊಯ್ಲಿಗೆ ನಾನು ಒಂದು ದಿನ ಬರುತ್ತೇನೆ. ಕೂಲಿಯ ಮಾತಿಲ್ಲ. ಹೊಲದವರು ಮಧ್ಯಾಹ್ನದ ಊಟ ಹಾಕಬೇಕು, ದಿನಕ್ಕೆ ದಿನ ತೀರಿಸಬೇಕು, ಅಷ್ಟೆ. ದುಡಿದವನು ಯಾರೇ ಆಗಲಿ, ಆ ದಿನ ಹೊಲದವನದು. ಮುನಿರಾಮಯ್ಯನ ಕೈ ತಪ್ಪಿದ್ದು ಅಲ್ಲಿಯೇ. ಹೆಬ್ಬೆಟ್ಟು ಒತ್ತುವ ಮಿಷನ್ನು ಆ ವಾರ ಕೆಟ್ಟು ಕೂತಿತ್ತು. ಯಾರು ಎಷ್ಟು ಬಾಕ್ಸು ಹೊಡೆದರು ಎಂದು ಬರೆಯುವ ಮಿಷನ್ ಪುಸ್ತಕವನ್ನು ನೋಡಿಯೇ ಹಾಜರಿ ಹಾಕುತ್ತಿದ್ದರು. ಮಧ್ಯಾಹ್ನದ ಶಿಫ್ಟಿನ ಸಾಲಿನಲ್ಲಿ ಮುನಿರಾಮಯ್ಯ ತನ್ನ ದುಂಡನೆಯ ಅಕ್ಷರದಲ್ಲಿ "ಕೆಂಪರಾಜ್" ಎಂದು ಬರೆದ. ಅವನ ಮನಸ್ಸಿನಲ್ಲಿ ಅದು ನಿಜವೇ ಆಗಿತ್ತು.

ನಿಜಕ್ಕೂ ಎಡವಟ್ಟಾದದ್ದು ಅವನು ಚೆನ್ನಾಗಿ ದುಡಿದದ್ದರಿಂದ. ಆ ಶಿಫ್ಟಿನಲ್ಲಿ ಹೊಡೆದಷ್ಟು ಬಾಕ್ಸು ಆ ತಿಂಗಳಲ್ಲಿ ಬೇರೆ ಯಾವ ಶಿಫ್ಟಿನಲ್ಲೂ ಆಗಿರಲಿಲ್ಲ. ಹೊಸದಾಗಿ ಬಂದ ಮ್ಯಾನೇಜರು ಎಲ್ಲರ ಎದುರು ಕೆಂಪರಾಜನನ್ನು ಕರೆದು, ಚಪ್ಪಾಳೆ ಹೊಡೆಸಿ, ಮೂರು ಅಂತಸ್ತಿನ ಸ್ಟೀಲಿನ ಊಟದ ಕ್ಯಾರಿಯರನ್ನು ಬಹುಮಾನ ಕೊಟ್ಟರು. ನೋಟೀಸ್ ಬೋರ್ಡಿಗೆ ಅವನು ಕೆಲಸ ಮಾಡುತ್ತಿರುವ ಫೋಟೋ ಒಂದು ಇರಲಿ ಎಂದು ಆ ದಿನದ ಕ್ಯಾಮೆರಾ ತಿರುಗಿಸಿ ನೋಡಿದರೆ, ಮಿಷನ್ನಿನ ಮುಂದೆ ಹೊಳೆಯುತ್ತಿತ್ತು ಮುನಿರಾಮಯ್ಯನ ಬೋಳುತಲೆ.

ಗೋವಿಂದರಾಜು ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗು ನಿಂತ ಮೇಲೆ, "ಕೆಂಪರಾಜ ಏನಂದ?" ಎಂದು ಕೇಳಿದ.

ಸೊಣ್ಣಮ್ಮನೇ ಹೇಳಿದಳು: "ದಾರೀಲಿ ಬೈರೇಶ ಸಿಕ್ಕಿದ್ದ, ಅಲ್ಲೇ ಲೋಡಿಂಗ್ ಮಾಡೋನು. ಮ್ಯಾನೇಜರು ಕೇಳಿದ್ದಕ್ಕೆ ಕೆಂಪರಾಜ 'ನಂಗೇನೂ ಗೊತ್ತಿಲ್ಲ ಸಾರ್, ಯಾರು ಬರೆದರೋ' ಅಂದ್ನಂತೆ. ಇವರು ಫೋನ್ ಮಾಡಿದ್ರೆ ಎತ್ತಾನೂ ಇಲ್ಲ. ನಾನು ಅವತ್ತೇ ಅಂದೆ, ಗೋವಿಂದರಾಜಣ್ಣ. ಅವರ ಮನೆಗೂ ನಮ್ಮ ಮನೆಗೂ ಕೂಲಿ ಸರಿ, ಮುಯ್ಯಾಳು ಯಾಕೆ ಬೇಕಿತ್ತು?"

ಆ ಮಾತು ಮುನಿರಾಮಯ್ಯನಿಗೆ ನಾಟಿತು. ಅವನಪ್ಪ ಕೆಂಪರಾಜನ ಅಪ್ಪನ ಹೊಲಕ್ಕೆ ಇಡೀ ಆಯುಸ್ಸು ಕೂಲಿಗೆ ಹೋದವನು. ಕೂಲಿ ಕೊಟ್ಟಿದ್ದರು, ಮೋಸ ಮಾಡಿರಲಿಲ್ಲ. ಆದರೆ ಆ ಮನೆಯವರಾರೂ ಒಂದು ದಿನ ಈ ಮನೆಯ ಕೆಲಸಕ್ಕೆ ಬಂದದ್ದಿಲ್ಲ. ಮುಯ್ಯಾಳು ಸರೀಕರ ನಡುವಿನ ವ್ಯವಹಾರ. ಒಂದೇ ಮಿಷನ್ನಿನ ಮುಂದೆ ನಿಂತ ಮೇಲೆ ತಾನೇ ಕೆಂಪರಾಜ ಅವನನ್ನು ಅಣ್ಣ ಎಂದದ್ದು, ಅವನು ಕೆಂಪರಾಜನನ್ನು ಕೆಂಪ ಎಂದದ್ದು? ಆ ಮಂಗಳವಾರ ಎರಡು ಶಿಫ್ಟು ದುಡಿದು ಮನೆಗೆ ಬಂದಾಗ ಸೊಂಟ ಬಿದ್ದುಹೋಗಿದ್ದರೂ ಮನಸ್ಸಿನಲ್ಲಿ ಏನೋ ಒಂದು ಹಗುರ ಇತ್ತು. ಅಪ್ಪ ಇದ್ದಿದ್ದರೆ ಹೇಳಬೇಕಿತ್ತು ಅನ್ನಿಸಿತ್ತು.

"ಅವನಿಗೆ ಹೆದರಿಕೆ ಆಗಿರುತ್ತೆ, ಬಿಡು" ಎಂದ.

ಗೋವಿಂದರಾಜು ಕಾಗದವನ್ನು ಮಡಿಸಿ ಕೈಯಲ್ಲಿ ತಟ್ಟಿದ. "ನೀನು ಬರೆದದ್ದು ತಪ್ಪೋ ಸರಿಯೋ ಆಮೇಲಿನ ಮಾತು. ಕೇಳದೆ ಕಳಿಸಿದಾರಲ್ಲ, ಅದು ಮೊದಲನೇ ಮಾತು. ಏನು ಆರೋಪ ಅಂತ ನಿನಗೆ ತಿಳಿಯೋ ಭಾಷೇಲಿ ಬರೆದು ಕೊಡಬೇಕು. ನಿನ್ನ ಉತ್ತರಕ್ಕೆ ದಿನ ಕೊಡಬೇಕು. ಎರಡೂ ಕಡೆಗೆ ಸೇರದೋನು ಕೂತು ವಿಚಾರಣೆ ಮಾಡಬೇಕು. ಆಮೇಲೆ ಶಿಕ್ಷೆ. ಕೊಲೆ ಮಾಡಿದೋನಿಗೂ ಇಷ್ಟು ಐತೆ ಕಣಯ್ಯ, ಬಾಕ್ಸು ಹೊಡೆದೋನಿಗೆ ಇಲ್ವಾ?"

ಮಾರನೆಯ ದಿನ ಇಬ್ಬರೂ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದರು. ಅಲ್ಲಿಂದ ಕಂಪನಿಗೆ ಕರೆ ಹೋಯಿತು. ಹದಿನೈದು ದಿನಕ್ಕೆ ಫ್ಯಾಕ್ಟರಿಯ ಆಫೀಸಿನಿಂದ ಚೈತ್ರ ಎಂಬ ಹುಡುಗಿ ಫೋನು ಮಾಡಿದಳು. ಕೆಲಸಗಾರರ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುವವಳು, ಆ ಇಂಗ್ಲಿಷ್ ಕಾಗದ ಟೈಪು ಮಾಡಿದವಳೂ ಅವಳೇ. "ಮುನಿರಾಮಯ್ಯನವರೇ, ವಜಾ ಮಾಡಿದ್ದನ್ನ ವಾಪಸು ತಗೊಂಡಿದೀವಿ. ಆದರೆ ವಿಚಾರಣೆ ಮುಗಿಯೋವರೆಗೂ ನೀವು ಅಮಾನತಿನಲ್ಲಿ ಇರ್ತೀರ, ಅರ್ಧ ಸಂಬಳ ಬರುತ್ತೆ. ಆರೋಪಪಟ್ಟಿ ಕಳಿಸ್ತೀನಿ" ಎಂದಳು. ಸ್ವಲ್ಪ ತಡೆದು, "ಕನ್ನಡದಲ್ಲೇ" ಎಂದು ಸೇರಿಸಿದಳು.

ಕನ್ನಡದಲ್ಲೇ ಬಂತು. ಅದರ ಕೊನೆಯಲ್ಲಿ ಒಂದು ಸಾಲಿತ್ತು: ನಿಮ್ಮ ಪರವಾಗಿ ಸಹಾಯಕ್ಕೆ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಗೋವಿಂದರಾಜು ಹಣೆ ಚಚ್ಚಿಕೊಂಡ. "ಥೂ, ಹೊರಗಿನವರು ಬರಂಗಿಲ್ಲ ಅಂತ ಐತೆ ಕಣೋ. ನಿನ್ನ ಜೊತೆ ದುಡಿಯೋನೇ ಆಗಬೇಕಂತೆ. ಯಾರವ್ರೆ?"

ಮುನಿರಾಮಯ್ಯ ಮೂರು ಜನರನ್ನು ಕೇಳಿದ. ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ಕಾಂಟ್ರಾಕ್ಟು ಮುಗಿಯುವ ಹೊತ್ತು. ಬೈರೇಶ ಮಾತ್ರ, "ಗುರುವೇ, ನಂಗೆ ಮಾತಾಡಿದ್ರೆ ಬೈಗಳೇ ಬರೋದು, ನಾನು ಬಂದ್ರೆ ನಿಂಗೇ ಡೇಂಜರು" ಎಂದು ನಿಜ ಹೇಳಿದ. ಉತ್ತರ ಬರೆಯಲು ಕೂತಾಗ ಗೋವಿಂದರಾಜು, "ಕೆಂಪರಾಜ ಹೇಳಿದ ಸುಳ್ಳನ್ನ ಮೊದಲು ಬರೀತೀನಿ" ಎಂದರೆ, ಮುನಿರಾಮಯ್ಯ ಪೆನ್ನಿನ ಮೇಲೆ ಕೈಯಿಟ್ಟ. "ನನ್ನ ಮೇಲಿನ ಮಾತಿಗೆ ನನ್ನ ಉತ್ತರ. ಅವನ ಮಾತಿಗೆ ಅವನು ಹೇಳ್ಕೊಳ್ಳಲಿ."

"ನಿನ್ನಂಥೋನನ್ನ ಕಟ್ಟಿಕೊಂಡು ಈ ಮಹಾತಾಯಿ ಹೆಂಗೆ ಬಾಳಿದಳೋ!"

"ಕಿವಿ ಮುಚ್ಕೊಂಡು" ಎಂದಳು ಒಳಗಿನಿಂದ ಸೊಣ್ಣಮ್ಮ.

ವಿಚಾರಣೆಗೆ ಎರಡು ದಿನ ಇದೆ ಎನ್ನುವಾಗ ಮನೆಯ ಮುಂದೆ ಕೋಲೂರಿಕೊಂಡು ಅಮ್ಮಯಮ್ಮ ಬಂದಳು. ಕೆಂಪರಾಜನ ತಾಯಿ, ಎಪ್ಪತ್ತು ದಾಟಿದ ಮುದುಕಿ. ಸೆರಗಿನಡಿ ಒಂದು ಡಬ್ಬಿ.

"ಎಲ್ಲೋ ಮುನಿರಾಮ? ಒಬ್ಬಟ್ಟು ತಂದಿದೀನಿ ಕಣೋ. ಹೊಸಕೋಟೆ ಕಡೆ ಮಗಳ ಮನೇಲಿ ಎರಡೂವರೆ ತಿಂಗಳು ಕೂತುಬಿಟ್ಟೆ, ಮಂಡಿ ಎತ್ತಿಡಕ್ಕಾಗಲಿಲ್ಲ. ನಿನ್ನೆ ಬಂದೆ. ಅವತ್ತು ನೀನು ಅವನ ಶಿಫ್ಟು ಮಾಡದೆ ಇದ್ದಿದ್ರೆ ಅಷ್ಟೂ ಹುಳು ನೆಲದ ಪಾಲಾಗ್ತಿತ್ತು. ನಮ್ಮ ಗೂಡು ಇಲ್ಲೇ ವಿಜಯಪುರದ ರೇಷ್ಮೆ ಮಾರ್ಕೆಟ್ಟಲ್ಲಿ ಎಲ್ಲಾರೂ ನಿಂತು ನೋಡೋ ಹಂಗಿತ್ತಂತೆ. ಮುಯ್ಯಾಳಿಗೆ ನಾವು ಊಟಾನೇ ಹಾಕಿಲ್ಲ ಅಂತ ನಂಗೆ ಅಲ್ಲಿ ನಿದ್ದೆ ಬರಲಿಲ್ಲ."

ಮುನಿರಾಮಯ್ಯ ಡಬ್ಬಿಯನ್ನು ಎರಡೂ ಕೈಯಲ್ಲಿ ಈಸಿಕೊಂಡ.

"ಇವತ್ತೇನು ಮನೇಲಿ? ರಜಾನಾ?"

"ಹ್ಞೂಂ ಅಮ್ಮಾ, ರಜಾ" ಎಂದ.

"ರಜಾ ಅಲ್ಲ, ಸಜಾ!" ಎಂದು ಸೊಣ್ಣಮ್ಮ ಹೊರಗೆ ಬಂದವಳೇ ಎಲ್ಲವನ್ನೂ ಹೇಳಿಬಿಟ್ಟಳು. ಕ್ಯಾರಿಯರು, ಕ್ಯಾಮೆರಾ, ಕವರು, ಕೆಂಪರಾಜನ "ನಂಗೇನೂ ಗೊತ್ತಿಲ್ಲ" ಎಂಬ ಮಾತು, ಯಾವುದನ್ನೂ ಬಿಡಲಿಲ್ಲ. ಮುನಿರಾಮಯ್ಯ ಮಧ್ಯೆ ಎರಡು ಸಲ "ಸೊಣ್ಣಿ" ಎಂದು ನೋಡಿದ, ಪ್ರಯೋಜನವಾಗಲಿಲ್ಲ.

ಅಮ್ಮಯಮ್ಮ ಆ ಮನೆಯ ಅಂಗಳಕ್ಕೆ ನೂರು ಸಲ ಬಂದಿದ್ದಾಳು, ಹೊಸಿಲು ದಾಟಿದವಳಲ್ಲ. ಅವತ್ತು ಕೋಲನ್ನು ಬಾಗಿಲಿಗೆ ಒರಗಿಸಿ, ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. "ನೀರು ಕೊಡು ಸೊಣ್ಣಮ್ಮ" ಎಂದಳು. ಸೊಣ್ಣಮ್ಮ ಚೊಂಬು ಹಿಡಿದು ಒಂದು ಗಳಿಗೆ ನಿಂತಳು. ಮುದುಕಿ ಕೈ ಚಾಚಿ ತೆಗೆದುಕೊಂಡು ಗಟಗಟನೆ ಕುಡಿದಳು.

"ನಿಮ್ಮಪ್ಪನ ಕಾಲದಲ್ಲಿ ಕೂಲಿ ಕೊಟ್ಟು ಕೈ ತೊಳ್ಕೊಂತಿದ್ವಿ, ಮುನಿರಾಮ. ಅದು ಸುಲಭ. ಮುಯ್ಯಾಳಿಗೆ ಹಂಗೆ ಕೈ ತೊಳ್ಕೊಳಕ್ಕಾಗಲ್ಲ" ಎಂದಳು. ಹೋಗುವಾಗ, "ಒಬ್ಬಟ್ಟು ತಣ್ಣಗಾಗುತ್ತೆ, ತಿನ್ನಿ" ಎಂದಳು.

ವಿಚಾರಣೆ ನಡೆದದ್ದು ಫ್ಯಾಕ್ಟರಿಯ ತರಬೇತಿ ಕೋಣೆಯಲ್ಲಿ. ಗೋಡೆಯ ಮೇಲೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಚಿತ್ರ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು. ಮೇಜಿನ ಹಿಂದೆ ವಿಚಾರಣಾಧಿಕಾರಿ ಲಕ್ಷ್ಮಯ್ಯ. ದೊಡ್ಡಬಳ್ಳಾಪುರದ ಕೋರ್ಟಿನ ಹಳೆಯ ವಕೀಲರು, ನೆರೆತ ಹುಬ್ಬು, ನಿಧಾನದ ಮನುಷ್ಯ. "ನಾನು ಎಲ್ಲಾನೂ ಕೈಯಲ್ಲೇ ಬರೆಯೋನು, ಕನ್ನಡದಲ್ಲೇ. ಬರೆದದ್ದನ್ನ ಓದಿ ಹೇಳ್ತೀನಿ. ನೀವು ಆಡಿದ್ದು ಹಾಗೇ ಇದ್ರೆ ಮಾತ್ರ ಸಹಿ ಹಾಕಿ. ಅವಸರ ಇಲ್ಲ" ಎಂದರು. ಆ "ಅವಸರ ಇಲ್ಲ" ಎಂಬ ಮಾತಿಗೆ ಮುನಿರಾಮಯ್ಯನ ಎದೆ ತಂಪಾಯಿತು. ಮುನೇಶ್ವರನ ಪೂಜಾರಿಯೂ ಹೀಗೆಯೇ, ಹಣೆಗೆ ವಿಭೂತಿ ಹಚ್ಚಿ ಮುಗಿಸುವವರೆಗೆ ತಲೆ ಎತ್ತುತ್ತಿರಲಿಲ್ಲ.

"ಸಹಾಯಕರು ಯಾರಾದ್ರೂ ಬಂದಿದಾರಾ?" ಪಕ್ಕದ ಕುರ್ಚಿ ಖಾಲಿ ಇತ್ತು.

"ಇಲ್ಲ ಸ್ವಾಮಿ. ನಾನೊಬ್ಬನೇ."

ಕಂಪನಿಯ ಪರವಾಗಿ ಕೇಳಲು ಚೈತ್ರ ಎದ್ದಳು. ಮಿಷನ್ ಪುಸ್ತಕ ತೋರಿಸಿ, "ಈ ಅಕ್ಷರ ನಿಮ್ಮದಾ?" ಎಂದಳು.

"ನಂದೇ ಕಣಮ್ಮ."

"ಆ ಶಿಫ್ಟಿನಲ್ಲಿ ಕೆಲಸ ಮಾಡಿದ್ದು ನೀವು. ಕೆಂಪರಾಜ್ ಅಂತ ಯಾಕೆ ಬರೆದ್ರಿ?"

"ಆಳು ನಾನು, ದಿನ ಅವನದು. ಅವನ ದಿನಕ್ಕೆ ನನ್ನ ಹೆಸರು ಬರೆಯೋದು ನ್ಯಾಯ ಅಲ್ಲ ಅನ್ನಿಸ್ತು."

ಲಕ್ಷ್ಮಯ್ಯನವರ ಪೆನ್ನು ನಿಂತಿತು. "ಆ ದಿನದ ಸಂಬಳಾನೂ ಅವನಿಗೇ ಹೋಯ್ತು. ನಿನಗೇನಪ್ಪ ಲಾಭ?"

"ಲಾಭ ಏನಿಲ್ಲ ಸ್ವಾಮಿ. ನಂಗೊಂದು ದಿನ ಬರೋದೈತೆ, ಅಷ್ಟೆ."

ಅವರು ಅದನ್ನು ಹಾಗೆಯೇ ಬರೆದುಕೊಂಡು, ಗಟ್ಟಿಯಾಗಿ ಓದಿ ಹೇಳಿದರು. ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಮುನಿರಾಮಯ್ಯನಿಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು.

ಚೈತ್ರ ಕಾಗದ ಕೆಳಗಿಟ್ಟಳು. ಮುಂದಿನ ಪ್ರಶ್ನೆಯನ್ನು ಅವಳು ಓದಲಿಲ್ಲ, ಅವನ ಮುಖ ನೋಡಿ ಕೇಳಿದಳು. "ಅದು ಪಂಚಿಂಗ್ ಮಿಷನ್ನು. ಎರಡು ಶಿಫ್ಟು ಒಟ್ಟಿಗೆ ಮಾಡಿ ಸುಸ್ತಾಗಿದ್ದವರು ನೀವು. ಅವತ್ತು ನಿಮ್ಮ ಕೈ ಅದಕ್ಕೆ ಸಿಕ್ಕಿದ್ರೆ? ಪುಸ್ತಕದ ಪ್ರಕಾರ ಆ ಹೊತ್ತಿನಲ್ಲಿ ನೀವು ಒಳಗೇ ಇರಲಿಲ್ಲ. ಇಲ್ಲದೇ ಇರೋ ಮನುಷ್ಯನ ಕೈಗೆ ನಾನು ಯಾವ ಆಸ್ಪತ್ರೆ ಚೀಟಿ ಕೊಡಲಿ? ಸೊಣ್ಣಮ್ಮನವರಿಗೆ ಏನಂತ ಹೇಳಲಿ?"

ಮುನಿರಾಮಯ್ಯ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡ. ಹೊಲದಲ್ಲಿ ಕುಡುಗೋಲು ತಾಗಿದರೆ ಅರಿಸಿನ ಕಟ್ಟಿಕೊಂಡು ಕೂರಬಹುದು. ಆ ಮಿಷನ್ನಿನ ಹಲ್ಲಿಗೆ ಅರಿಸಿನದ ಲೆಕ್ಕವಿಲ್ಲ. ಇದು ಅವನಿಗೆ ಹೊಳೆದೇ ಇರಲಿಲ್ಲ.

"ಅದು ನಿಜ ಕಣಮ್ಮ" ಎಂದ. "ಅದು ನನ್ನ ತಪ್ಪು. ಬರ್ಕೊಳ್ಳಿ ಸ್ವಾಮಿ. ಆದ್ರೆ ತಾಯೀ, ಈ ಮಾತನ್ನ ನೀನು ಅವತ್ತೇ ನನ್ನ ಕರೆದು ಕೇಳಿದ್ರೆ, ಅವತ್ತೇ ತಪ್ಪಾಯ್ತು ಅಂತಿದ್ನಲ್ಲ. ಗೇಟಲ್ಲಿ ಕವರು ಯಾಕೆ ಕೊಟ್ರಿ?"

ಲಕ್ಷ್ಮಯ್ಯ ಪ್ರಶ್ನೆಯನ್ನೂ ಬರೆದುಕೊಂಡರು, ಉತ್ತರದ ಜಾಗವನ್ನು ಖಾಲಿ ಬಿಟ್ಟರು.

"ನಿಮ್ಮ ಕಡೆ ಸಾಕ್ಷಿ?"

"ಇಲ್ಲ ಸ್ವಾಮಿ" ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಕೆಂಪರಾಜ ನಿಂತಿದ್ದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲಿನ ಕ್ಯಾರಿಯರು.

"ಯಾರಪ್ಪ ನೀನು? ಸಹಾಯಕನಾಗಿ ಬಂದೆಯಾ, ಸಾಕ್ಷಿಯಾಗಿ ಬಂದೆಯಾ?"

"ಮುಯ್ಯಾಳಾಗಿ ಬಂದೆ ಸಾರ್."

ಲಕ್ಷ್ಮಯ್ಯನವರ ನೆರೆತ ಹುಬ್ಬು ಮೇಲೇರಿತು. "ಆ ಹೆಸರಿಗೆ ನನ್ನ ಹಾಳೆಯಲ್ಲಿ ಜಾಗ ಇಲ್ಲ. ನೋಡು, ಸಹಾಯಕ ಆದರೆ ಅವನ ಪಕ್ಕ ಕೂತು ಅವನ ಪರವಾಗಿ ಪ್ರಶ್ನೆ ಕೇಳಬಹುದು, ನಿನ್ನ ವಿಷಯ ನೀನು ಹೇಳಬೇಕಾಗಿಲ್ಲ. ಸಾಕ್ಷಿ ಆದರೆ ಈಯಮ್ಮ ಕೇಳಿದ್ದಕ್ಕೆಲ್ಲ ನಿಜ ಹೇಳಬೇಕು. ಅದು ನಿನ್ನ ಮೇಲೇ ತಿರುಗಬಹುದು. ಯೋಚನೆ ಮಾಡಿ ಹೇಳು."

ಕೆಂಪರಾಜ ಮುನಿರಾಮಯ್ಯನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದ. ಕೂರಬೇಕೆಂದು ಅವನ ಕಾಲು ಒಂದು ಹೆಜ್ಜೆ ಅತ್ತ ಹೋದದ್ದನ್ನು ಮುನಿರಾಮಯ್ಯ ಕಂಡ. ಮತ್ತೆ ನಿಂತಿತು.

"ಸಾಕ್ಷಿ ಅಂತ ಬರ್ಕೊಳ್ಳಿ ಸಾರ್. ನಿಂತ್ಕೊಂಡೇ ಹೇಳ್ತೀನಿ."

ಅವನು ಹೇಳಿದ. ಹುಳು ಹಣ್ಣಾದದ್ದು, ತಾನೇ ಬಂದು ಕೇಳಿದ್ದು, ಮ್ಯಾನೇಜರ ಮುಂದೆ ಹೆದರಿ ಗೊತ್ತಿಲ್ಲವೆಂದದ್ದು. ಕ್ಯಾರಿಯರನ್ನು ಮೇಜಿನ ಮೇಲಿಟ್ಟ. "ಇದು ನಂದಲ್ಲ. ಒಂದು ದಿನಾನೂ ಇದರಲ್ಲಿ ಉಂಡಿಲ್ಲ. ಮೊನ್ನೆಯಿಂದ ನಮ್ಮಮ್ಮ ನಂಗೆ ತಟ್ಟೆ ಇಡೋವಾಗೆಲ್ಲ ಇದನ್ನ ಪಕ್ಕದಲ್ಲಿ ತಂದಿಡ್ತಾಳೆ. ಮಾತಾಡಲ್ಲ, ಬಯ್ಯಲ್ಲ. ತಂದಿಡ್ತಾಳೆ."

"ಹೀಗೆ ಶಿಫ್ಟು ಬದಲಾಯಿಸಿಕೊಂಡಿದ್ದು ಇದೇ ಮೊದಲಾ?" ಚೈತ್ರ ಕೇಳಿದಳು.

"ಈ ಫ್ಯಾಕ್ಟ್ರಿ ಶುರುವಾದಾಗಿಂದ ಎಲ್ಲಾರೂ ಮಾಡ್ತಾವ್ರೆ ಮೇಡಂ. ಹಳೇ ಸೂಪರ್‌ವೈಜರ್ರೇ 'ಮಿಷನ್ ನಿಲ್ಲಬಾರ್ದು, ನೀವ್ ನೀವೇ ನೋಡ್ಕೊಳ್ರಪ್ಪ' ಅಂತಿದ್ರು. ಬೇರೆಯೋರು ಪುಸ್ತಕದಲ್ಲಿ ಹೆಸರೇ ಬರೀದೆ ಬಿಡ್ತಿದ್ರು. ಮುನಿರಾಮಣ್ಣ ಒಬ್ಬ ಬರೆದ."

ಇಷ್ಟು ವರ್ಷದ ಈ ಸಂಗತಿ ಕಂಪನಿಯ ಯಾವ ಕಾಗದದಲ್ಲೂ ಇರಲಿಲ್ಲ. ಯಾರೂ ಯಾರನ್ನೂ ಕೇಳಿರಲಿಲ್ಲ. ಚೈತ್ರ ಆ ಮಾತನ್ನು ತನ್ನ ಪುಸ್ತಕದಲ್ಲೂ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಲಕ್ಷ್ಮಯ್ಯ ಎಲ್ಲವನ್ನೂ ಓದಿ ಹೇಳಿ, ಸಹಿ ಹಾಕಿಸಿಕೊಂಡು, ಕ್ಯಾರಿಯರಿನ ಮುಚ್ಚಳಕ್ಕೆ "ಗುರುತು ೧" ಎಂದು ಬರೆದ ಚೀಟಿ ಅಂಟಿಸಿದರು. "ಇನ್ನೇನಾದ್ರೂ ಹೇಳೋದಿದೆಯಾ ಮುನಿರಾಮಯ್ಯ?"

ಮುನಿರಾಮಯ್ಯ ಎದ್ದು ನಿಂತ. ಇಲ್ಲಿ ದುಡಿದ ಹದಿನೆಂಟು ವರ್ಷದ ಬಗ್ಗೆ ನಾಲ್ಕು ಮಾತು ಹೇಳು ಎಂದು ಗೋವಿಂದರಾಜು ಬಾಯಿಪಾಠ ಮಾ​ಡಿಸಿ ಕಳಿಸಿದ್ದ. ಅದೊಂದೂ ನೆನಪಿಗೆ ಬರಲಿಲ್ಲ.

"ಒಂದೇ ಸ್ವಾಮಿ. ಈ ಕೆಂಪನ್ನ ಏನು ಮಾಡೋದಿದ್ರೂ ಮೊದ್ಲು ಕರೆದು ಕೇಳಿ ಮಾಡಿ. ಗೇಟಲ್ಲಿ ಕವರು ಕೊಡಬ್ಯಾಡಿ. ಅವನಿಗೆ ಹೆದರಿಕೆ ಜಾಸ್ತಿ."

ಕೆಂಪರಾಜ ಗೋಡೆಯ ಕಡೆ ತಿರುಗಿ ಬೆಂಕಿಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಚಹಾ ಬಂತು. ಸಾಕ್ಷಿ ಹೇಳಿಕೆ ಮುಗಿದಿತ್ತಲ್ಲ, ಅವನು ಮೆಲ್ಲಗೆ ಬಂದು ಖಾಲಿ ಕುರ್ಚಿಯಲ್ಲಿ ಕೂತ. ಯಾರೂ ಬೇಡವೆನ್ನಲಿಲ್ಲ. "ಫೋನ್ ಎತ್ತಬೇಕಿತ್ತು ಅಣ್ಣ" ಎಂದ ಲೋಟ ನೋಡುತ್ತಾ.

"ಹ್ಞೂಂ, ಎತ್ತಬೇಕಿತ್ತು" ಎಂದ ಮುನಿರಾಮಯ್ಯ. "ಚಾ ಕುಡಿ, ಆರೋಗುತ್ತೆ."

ವರದಿ ಬರಲು ಮೂರು ವಾರ ಹಿಡಿಯಿತು. ಬರೆದ ಹೆಸರು ತಪ್ಪು, ಆದರೆ ಮೋಸದ ಉದ್ದೇಶವಿಲ್ಲ. ಪದ್ಧತಿಯನ್ನು ಕಂಪನಿಯೇ ಕಂಡೂ ಕಾಣದಂತೆ ನಡೆಯಗೊಟ್ಟಿತ್ತು. ವಜಾ ಮಾಡುವಂಥ ತಪ್ಪಲ್ಲ. ವಿಚಾರಿಸದೆ ಮೊದಲು ವಜಾ ಮಾಡಿದ್ದು ಸಲ್ಲದು ಎಂದು ಲಕ್ಷ್ಮಯ್ಯ ಬರೆದಿದ್ದರು. ಮುನಿರಾಮಯ್ಯನಿಗೆ ಎಚ್ಚರಿಕೆಯ ಕಾಗದ ಕೊಟ್ಟು ಕೆಲಸಕ್ಕೆ ಕರೆದರು. ಕೆಂಪರಾಜನನ್ನೂ ಕರೆದು, ಕೂರಿಸಿ, ಕೇಳಿ, ಅವನಿಗೂ ಅಂಥದೇ ಒಂದು ಕಾಗದ ಕೊಟ್ಟರು. ಮೊದಲ ದಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಸಲಾಮು ಹೊಡೆದ. ಚೈತ್ರ ಆಫೀಸಿನಿಂದ ಇಳಿದು ಬಂದು ಕ್ಯಾರಿಯರನ್ನು ಮುನಿರಾಮಯ್ಯನ ಕೈಗೆ ಕೊಟ್ಟಳು. "ಬಾಕ್ಸು ಹೊಡೆದಿದ್ದು ನೀವೇ ಅಲ್ವಾ" ಎಂದಳು. ಆಮೇಲೆ ಒಂದು ಕಟ್ಟು ಚೀಟಿ ತೋರಿಸಿದಳು, ಕನ್ನಡದಲ್ಲಿ ಅಚ್ಚು ಮಾಡಿಸಿದ್ದು: ಶಿಫ್ಟು ಬದಲಾಯಿಸಿಕೊಳ್ಳುವವರು ಇಬ್ಬರೂ ಸಹಿ ಹಾಕಿ ಒಂದು ಗಂಟೆ ಮುಂಚೆ ಕೊಟ್ಟರೆ ಸಾಕು, ಆದರೆ ಒಂದೇ ದಿನ ಎರಡು ಶಿಫ್ಟು ಯಾರಿಗೂ ಇಲ್ಲ. ಅಚ್ಚಿನಲ್ಲಿ ಅದಕ್ಕೇನೋ ಉದ್ದನೆಯ ಹೆಸರಿತ್ತು. ಸಂಜೆಯೊಳಗೆ ಇಡೀ ಫ್ಯಾಕ್ಟರಿ ಅದನ್ನು ಮುಯ್ಯಾಳು ಚೀಟಿ ಎಂದು ಕರೆಯತೊಡಗಿತು.

ಅದನ್ನು ಮೊದಲು ತುಂಬಿದವನು ಕೆಂಪರಾಜನೇ. ಮುನೇಶ್ವರನ ವರ್ಷದ ಪೂಜೆಗೆ ಮುನಿರಾಮಯ್ಯ ಪದ ಹೇಳಬೇಕಿತ್ತು. "ಅವತ್ತು ನಂಗೆ ವಾರದ ರಜಾ ಅಣ್ಣ, ನಿನ್ನ ಬೆಳಗಿನ ಶಿಫ್ಟು ನಂದು" ಎಂದು ಕೆಂಪರಾಜ ಚೀಟಿ ತಂದು ಸಹಿಗೆ ಹಿಡಿದ.

ಪೂಜೆಯ ದಿನ ಮಂಗಳಾರತಿ ಆಗುತ್ತಲೇ ಸೊಣ್ಣಮ್ಮ ಕ್ಯಾರಿಯರು ತುಂಬಿದಳು. ಒಂದರಲ್ಲಿ ಮುದ್ದೆ, ಒಂದರಲ್ಲಿ ಹಿತಕಿದ ಅವರೆಬೇಳೆ ಸಾರು, ಮೇಲಿನದರಲ್ಲಿ ದೇವರ ಪ್ರಸಾದ. "ಗುರುತು ೧" ಎಂಬ ಚೀಟಿಯನ್ನು ಅವಳು ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಅರ್ಧ ಉಳಿದಿತ್ತು. "ಮುಯ್ಯಾಳಿಗೆ ಊಟ ನಮ್ಮದೇ ಅಲ್ವಾ? ಹೋಗು, ಕೊಟ್ಟು ಬಾ" ಎಂದಳು. "ಇನ್ನೂ ಎರಡು ಪದ ಬಾಕಿ ಐತೆ ಕಣೋ!" ಎಂದು ಗೋವಿಂದರಾಜು ತಾಳ ಎತ್ತಿ ಕೂಗುತ್ತಲೇ ಇದ್ದ, ಮುನಿರಾಮಯ್ಯ ಬಸ್ಸು ಹತ್ತಿದ.

ಊಟದ ಗಂಟೆ ಹೊಡೆದಾಗ ಕೆಂಪರಾಜ ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಬಂದು ಚಕ್ಕಳ ಮಕ್ಕಳ ಹಾಕಿ ಕೂತ. ಕೈ ತೊಳೆದು, ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟು, ಮುದ್ದೆ ಮುರಿದು ಸಾರಿಗೆ ಅದ್ದಿದ. ಮೂರು ತುತ್ತು ಇಳಿದವು.

"ಮಿಷನ್ ಪುಸ್ತಕದಲ್ಲಿ ಯಾರ ಹೆಸರು ಬರೆದೆ?" ಎಂದ ಮುನಿರಾಮಯ್ಯ.

"ನಂದೇ ಅಣ್ಣ. ಕೈ ಸಿಕ್ಕಿದ್ರೆ ನಂದೇ ಸಿಗೋದು" ಎಂದು ನಕ್ಕು, ಇನ್ನೊಂದು ತುತ್ತು ನುಂಗಿ, ಕೆಂಪರಾಜ ತಲೆ ಕೆರೆದುಕೊಂಡ. "ಆದ್ರೆ ಅಣ್ಣ, ಉಪ್ಪು ಒಂಚೂರು ಕಮ್ಮಿ."

"ಬಂದು ಸೊಣ್ಣಮ್ಮಂಗೆ ನೀನೇ ಹೇಳು. ಅವಳನ್ನ ಕೇಳದೆ ನಾನು ತೀರ್ಪು ಕೊಡಲ್ಲಪ್ಪ."

"ಬ್ಯಾಡ ಬ್ಯಾಡ, ಸರಿಯಾಗೈತೆ" ಎಂದು ಕೆಂಪರಾಜ ಸಾರಿನ ಡಬ್ಬಿಯನ್ನು ಎತ್ತಿ ಕೊನೆಯ ಹನಿಯವರೆಗೂ ಕುಡಿದ.